ಸೇತುರಾಮನ ಉಪವಾಸ

ಹೊಳೆದಂಡೆಯ ಆಶ್ರಮಕ್ಕೆ ಅಂಟಿಕೊಂಡ ಪುಟ್ಟ ಆಸ್ಪತ್ರೆಯಲ್ಲಿ ನಿತ್ಯಬೋಧರು ಹಾಸಿಗೆ ಹಿಡಿದಿದ್ದರು. ಭೇದಿ ಅಂದರೆ ಅಂತಿಂಥ ಭೇದಿಯಲ್ಲ. ಮಾತ್ರೆ ನುಂಗಿದರೆ ನಾಲ್ಕು ದಿನ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮೂರು ಸಲ ಹೀಗಾಗಿ ಮುದುಕರು ಸೊರಗಿ ಕಡ್ಡಿಯಾಗಿದ್ದರು.

ಡಾಕ್ಟರಮ್ಮ ಶಿಷ್ಯ ಸೇತುರಾಮನನ್ನು ಆಚೆ ಕರೆದರು.

"ಮಾತ್ರೆ ಇವರ ಹೊಟ್ಟೆಯ ಒಳ್ಳೆಯ ಕ್ರಿಮಿಗಳನ್ನೂ ಕೊಂದುಹಾಕಿದೆ. ಆ ಖಾಲಿ ಜಾಗದಲ್ಲಿ ಕೆಟ್ಟವು ಬೀಡುಬಿಟ್ಟಿವೆ, ಏನು ಕೊಟ್ಟರೂ ಜಗ್ಗುತ್ತಿಲ್ಲ. ಆರೋಗ್ಯವಂತರ ಮಲದಲ್ಲಿ ಒಳ್ಳೆಯ ಕ್ರಿಮಿಗಳಿರುತ್ತವೆ. ಅದನ್ನು ಸೋಸಿ ನಳಿಕೆಯಿಂದ ಇವರ ಕರುಳಿಗೆ ಬಿಡಬೇಕು. ನಿಮ್ಮ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದಿವೆ. ಗುರುವಾರ ಬೆಳಿಗ್ಗೆ ತಂದುಕೊಡಿ. ತಡವಾದರೆ ಜೀವಕ್ಕೆ ಕಷ್ಟ."

ರಾಮ ರಾಮಾ! ಹನ್ನೆರಡು ವರ್ಷ ಗುರುಗಳು ಉಂಡ ಎಲೆಯಲ್ಲೇ ಉಂಡವನು ಸೇತುರಾಮ. ಈಗ ಅವರಿಗೆ ತನ್ನ... ಛೇ, ಬಾಯಲ್ಲಿ ಆಡುವ ಮಾತೇ?

ಆದರೂ ಗುರುಗಳು ಬದುಕಬೇಕಲ್ಲ. ಕೊಡುವುದೇ ಆದರೆ ಶುದ್ಧನಾಗಿ ಕೊಡುತ್ತೇನೆ ಎಂದುಕೊಂಡ. ಸೋಮವಾರದಿಂದಲೇ ಅನ್ನ ಬಿಟ್ಟ. ಎರಡು ಹೊತ್ತು ಹೊಳೆಯಲ್ಲಿ ಮುಳುಗೆದ್ದು ಬರೀ ತುಳಸಿ ನೀರು ಕುಡಿದ.

ಗುರುವಾರ ಬಂತು. ಕೂತ, ತಿಣುಕಿದ, ಬೆವರಿದ. ಏನೂ ಬರಲಿಲ್ಲ. ಬರುವುದಾದರೂ ಎಲ್ಲಿಂದ, ಪಾಪ!

ಡಾಕ್ಟರಮ್ಮ ಕೆಂಡಾಮಂಡಲವಾದರು. "ಏನ್ರೀ ಇದು! ಅಲ್ಲಿ ಅವರ ನಾಡಿ ಇಳೀತಾ ಇದೆ, ಇಲ್ಲಿ ನೀವು ಉಪವಾಸ ಕೂತಿದ್ದೀರಾ?"

ಸೇತುರಾಮ ಅಳುತ್ತಾ ಗುರುಗಳ ಮಂಚದ ಬಳಿ ಹೋದ. "ತಪ್ಪಾಯ್ತು ಗುರುಗಳೇ. ನನ್ನ ಹೊಲಸು ನಿಮ್ಮ ಮೈ ಸೇರುವ ಮುಂಚೆ ಸ್ವಲ್ಪವಾದರೂ ಶುದ್ಧವಾಗಲಿ ಅಂತ..."

ನಕ್ಕರೆ ಹೊಟ್ಟೆ ಹಿಂಡುತ್ತಿತ್ತು, ಆದರೂ ನಿತ್ಯಬೋಧರು ನಕ್ಕರು. "ಅಯ್ಯೋ ಮಂಕೇ! ಮೊದಲು ಹೋಗಿ ಊಟ ಮಾಡು."

"ನೀವು ಹೀಗೆ ಮಲಗಿರುವಾಗ ನನ್ನ ಗಂಟಲಲ್ಲಿ ಹೇಗೆ ಇಳಿದೀತು?"

"ಇಷ್ಟು ವರ್ಷ ಹೇಳಿದ್ದೆಲ್ಲ ಕೇಳಿದೆ. ಇದೊಂದು ಕೇಳಲ್ವೇನೋ?"

ಸೇತುರಾಮ ಕಣ್ಣೊರೆಸಿಕೊಂಡು ಹೋದ. ಬಿಸಿ ಅನ್ನ, ಸೊಪ್ಪಿನ ಹುಳಿ, ಮಜ್ಜಿಗೆ. ಮಧ್ಯಾಹ್ನವೂ ಉಂಡ, ಸಂಜೆಯೂ ಉಂಡ. ಮರುದಿನ ಬೆಳಿಗ್ಗೆ ಡಬ್ಬಿ ತಂದು ಡಾಕ್ಟರಮ್ಮನ ಕೈಗಿಟ್ಟು ಓಡಿಹೋದ.

ವಾರ ಕಳೆಯುವಷ್ಟರಲ್ಲಿ ಭೇದಿ ನಿಂತಿತು. ನಿತ್ಯಬೋಧರು ದಿಂಬಿಗೊರಗಿ ಕೂತು ಮೊಸರನ್ನ ಕೇಳಿದರು. ಸೇತುರಾಮ ತಟ್ಟೆ ತಂದಿಟ್ಟು, ತಲೆಯೆತ್ತದೆ ಬಾಗಿಲ ಬಳಿ ಸರಿದು ನಿಂತ.

"ಹತ್ತಿರ ಬಾರೋ."

"ಯಾವ ಮುಖ ಇಟ್ಟುಕೊಂಡು ಬರಲಿ? ಜಪ, ತಪ, ಸೇವೆ, ಏನೇನೋ ನಿಮ್ಮ ಪಾದಕ್ಕೆ ಒಪ್ಪಿಸಬೇಕು ಅಂತಿದ್ದೆ. ಕೊನೆಗೆ ಕೊಟ್ಟದ್ದು ನನ್ನಲ್ಲಿರೋ ಅತಿ ಕೀಳಾದದ್ದನ್ನ."

ಗುರುಗಳು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ಇನ್ನೊಂದು ತುತ್ತು ಕಲಸಿದರು.

"ನಿನ್ನಲ್ಲಿ ಕೀಳು ಯಾವುದು, ಮೇಲು ಯಾವುದು ಅಂತ ನೀನು ಹೇಳಿಬಿಟ್ಟರಾಯ್ತೇನೋ? ನನ್ನ ಹೊಟ್ಟೇನ ಕೇಳು."