ಯಜಮಾನರ ಕುರ್ಚಿಯ ಮೇಲೆ ಸಬ್‌ವೂಫರ್

ನನ್ನ ಅಕ್ಷರ ಅಂದವಾಗಿಲ್ಲ, ಓದಿದ್ದು ನಾಲ್ಕನೆಯ ತರಗತಿ. ಮಾತು ಒರಟಾದರೆ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಅಡುಗೆ ಮಾಡುವ ಮನೆಯಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಯಜಮಾನರಾದ ಗುರುಶಾಂತಪ್ಪನವರು ನಿವೃತ್ತ ಅಧಿಕಾರಿಗಳು. ಟಿವಿಯ ಪಕ್ಕದ, ಹಾಡು ನುಡಿಸುವ ರಿಸೀವರಿಗೆ ಸಬ್‌ವೂಫರ್ ಎಂಬ, ಗುಡುಗಿನಂಥ ದನಿ ಕೊಡುವ ಪೆಟ್ಟಿಗೆಯನ್ನು ಜೋಡಿಸಲು ಅಂಗಡಿಯ ಕೆಲಸಗಾರನು ಬರುತ್ತಿದ್ದನು. ಮೂರು ದಿನ ಮೂರು ಮೂಲೆಯಲ್ಲಿಟ್ಟು ತೋರಿಸಿದರೂ ಯಜಮಾನರು ಒಪ್ಪಲಿಲ್ಲ. ನಾಲ್ಕನೆಯ ದಿನ ಗದರಿದರು:

“ನನ್ನ ಕುರ್ಚಿಗೆ ದನಿ ಸರಿಯಾಗಿ ಬರ್ತಿಲ್ಲ. ಇವತ್ತೂ ಆಗದಿದ್ರೆ ನಿಮ್ಮ ಸಾಹುಕಾರರಿಗೆ ಹೇಳಿ ನಿನ್ನ ಕೆಲಸ ಬಿಡಿಸ್ತೀನಿ.”

ಕೆಲಸಗಾರನು ಉದ್ದನೆಯ ತಂತಿಯನ್ನು ರಿಸೀವರಿಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಯಜಮಾನರ ಕುರ್ಚಿಯ ಮೇಲೆಯೇ ಕೂರಿಸಿ, ಹಾಡು ಹಚ್ಚಿದನು.

“ಅದು ನನ್ನ ಜಾಗ ಕಣಯ್ಯ.”

“ಹೌದು ಸಾರ್. ಈಗ ನೀವು ಗೋಡೆಯಂಚಲ್ಲಿ ಅಂಬೆಗಾಲಿಟ್ಟು ಬನ್ನಿ. ದನಿ ಎಲ್ಲಿ ಚೆನ್ನಾಗಿ ಕೇಳುತ್ತೋ ಅಲ್ಲಿ ಪೆಟ್ಟಿಗೆ ಇಟ್ಟರೆ, ಕುರ್ಚೀಲೂ ಹಾಗೇ ಕೇಳುತ್ತೆ. ನಮ್ಮ ಕೆಲಸದಲ್ಲಿ ಇದೇ ಪದ್ಧತಿ.”

ಯಜಮಾನರು ಪಂಚೆಯನ್ನು ಎತ್ತಿ ಕಟ್ಟಿ ಮಂಡಿಯೂರಿದರು. ಅಮ್ಮನವರು ಬಾಗಿಲಲ್ಲಿ ನಿಂತು, “ರೀ, ಸೋಫಾ ಕೆಳಗೆ ನನ್ನ ಓಲೆಯ ತಿರುಪು ಬಿದ್ದಿದೆ, ಹಾಗೇ ನೋಡಿಬಿಡಿ,” ಎಂದರು. ಯಜಮಾನರು ತೆವಳುತ್ತಲೇ ಮುಂದೆ ಹೋದರು. ಚಪ್ಪಲಿ ಗೂಡಿನ ಬಳಿ ತಲೆಯೆತ್ತಿ, “ಇಲ್ಲಿ,” ಎಂದರು.

ಪೆಟ್ಟಿಗೆ ಅಲ್ಲಿಗೆ ಹೋಯಿತು. ಕುರ್ಚಿಯಲ್ಲಿ ಕುಳಿತು ಕೇಳಿದ ಯಜಮಾನರ ಮುಖ ಅರಳಿತು, ಮರುಕ್ಷಣ ಬಿಗಿಯಿತು.

“ಈ ತೆವಳೋ ಕೆಲಸ ನೀನೇ ಮಾಡಬಹುದಿತ್ತಲ್ಲ?”

“ಮಾಡಬಹುದಿತ್ತು ಸಾರ್. ನನ್ನ ಕಿವಿ ಆರಿಸಿದ ಮೂರು ಜಾಗವೂ ತಪ್ಪಾಯ್ತು. ನಿಮ್ಮ ಕಿವಿ ಆರಿಸಿದ್ದನ್ನ ತಪ್ಪು ಅನ್ನೋರು ಯಾರು?”

ಯಜಮಾನರು ಕೆಲಸ ಮುಗಿಯಿತೆಂಬ ಕಾಗದಕ್ಕೆ ಸಹಿ ಹಾಕಿದರು.

ಬರಹದಲ್ಲಿ ತಪ್ಪಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು.