ಸಭೆ ನಡೆಯುತ್ತಿದೆ

"ಗುರುಗಳೇ, ಮುಂಬರುವ ವರ್ಷಗಳಲ್ಲಿ ನಮ್ಮ ಲೂಥರನ್ ಸಭೆಗೆ ಯಾವ ಕೆಲಸ ಮೊದಲಿನದು?" ಎಂದು ಶಿಷ್ಯನಾದ ನೆಹೆಮೀಯನು ಕೇಳಿದನು. "ನಾಳೆ ಎಲ್ಲ ಊರುಗಳವರು ಕೂಡುವ ಮಹಾಸಭೆಯಿದೆ. ಶಾಲೆ ಮೊದಲು ಎನ್ನುವವರಿದ್ದಾರೆ, ದೇವಾಲಯದ ಸೋರುವ ಮಾಡು ಮೊದಲು ಎನ್ನುವವರಿದ್ದಾರೆ. ಯುವಕರು, ರೋಗಿಗಳು, ಸಂಗೀತ, ಯಾವುದನ್ನು ಕೇಳಿದರೂ ಅದೇ ಮೊದಲು. ಇವುಗಳ ಕ್ರಮವನ್ನು ನಾನು ಬರೆದು ಒಪ್ಪಿಸಬೇಕಾಗಿದೆ."

ವೃದ್ಧರಾದ ಬೋಧಕರು ಕನ್ನಡಕವನ್ನು ಒರೆಸಿಕೊಂಡು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದನು. ಅವನೂ ಅವನ ಹೆಂಡತಿಯೂ ನಮ್ಮ ಸಭೆಗೆ ಸೇರಿದವರು. ಒಮ್ಮೆ ನೇಕಾರನಿಗೆ ಜ್ವರ ಬಂದಿತು. ಮೊದಲು ಮಗ್ಗ ನಿಂತಿತು, ಆಮೇಲೆ ಊಟ ನಿಂತಿತು, ಕೊನೆಗೆ ಅವನ ಗೊಣಗಾಟವೂ ನಿಂತಿತು. ಗೊಣಗಾಟ ನಿಂತಾಗ ಹೆಂಡತಿಗೆ ನಿಜವಾಗಿ ಹೆದರಿಕೆಯಾಯಿತು.

"ನಾನು ಉಳಿಯುವವನಲ್ಲ," ಎಂದನು ನೇಕಾರ. "ಸಾಯುವುದಕ್ಕೆ ಭಯವಿಲ್ಲ. ಯಾರೂ ಇಲ್ಲದೆ ಸಾಯುವುದಕ್ಕೆ ಭಯ. ಸಭೆ ಬಂದು ಪಕ್ಕದಲ್ಲಿ ಕುಳಿತು ಒಂದು ಹಾಡು ಹಾಡಲಿ. ಹೋಗಿ ಕರೆದುಕೊಂಡು ಬಾ."

"ನಾನಿಲ್ಲವೇ ಪಕ್ಕದಲ್ಲಿ?"

"ನೀನಿದ್ದೀಯೆ. ಆದರೆ ನೀನು ಹಾಡಬೇಡ."

ಹೆಂಡತಿ ಸೆರಗು ಹೊದ್ದುಕೊಂಡು ದೇವಾಲಯಕ್ಕೆ ಓಡಿದಳು. ಅಂದು ಸಭೆಯ ಹಿರಿಯರು ಬಾಗಿಲು ಮುಚ್ಚಿಕೊಂಡು, ನೀನು ಈಗ ಕೇಳಿದ ಪ್ರಶ್ನೆಯನ್ನೇ ಚರ್ಚಿಸುತ್ತಿದ್ದರು. ಹೆಂಚಿನ ವ್ಯಾಪಾರಿಯು ಮಾಡು ಮೊದಲು ಎನ್ನುತ್ತಿದ್ದನು. ಉಪಾಧ್ಯಾಯನು ಶಾಲೆ ಮೊದಲು ಎನ್ನುತ್ತಿದ್ದನು. ಗಂಟೆ ಬಾರಿಸುವವನು ಹೊರಗೆ ಬಾಗಿಲು ಕಾಯುತ್ತಿದ್ದನು.

"ಅಣ್ಣಾ, ನಮ್ಮವರಿಗೆ ಬಹಳ ಜ್ವರ. ಸಭೆ ನಮ್ಮ ಮನೆಗೆ ಬರುತ್ತದೆಯೇ?"

"ಮೆಲ್ಲಗೆ, ತಂಗೀ! ಸಭೆ ನಡೆಯುತ್ತಿದೆ."

ಅವನು ಹೇಳಿದ್ದು ಒಳಗಿನ ಚರ್ಚೆಯ ಮಾತು. ಅವಳಿಗಾದರೋ ಹುಟ್ಟಿದಂದಿನಿಂದ ಸಭೆ ಎಂದರೆ ಜನ. ಜನ ನಡೆಯುತ್ತಿದ್ದಾರೆ ಎಂದರೆ ಕಾಲಿನಿಂದಲೇ ನಡೆಯುತ್ತಿರಬೇಕು, ಹಿಂಬಾಗಿಲಿನಿಂದ ಹೊರಟಿರಬೇಕು. ಹೀಗೆ ಎಣಿಸಿ ಅವಳು ಓಡೋಡಿ ಮನೆಗೆ ಬಂದಳು.

"ಕೇಳಿದಿರಾ? ಸಭೆ ನಡೆಯುತ್ತಿದೆಯಂತೆ!"

"ನಡೆದುಕೊಂಡೇ?" ನೇಕಾರನಿಗೆ ಮರುಕವಾಯಿತು. "ಆ ವ್ಯಾಪಾರಿಯ ಹೊಟ್ಟೆಗೆ ಒಂದು ಗಾಡಿಯನ್ನಾದರೂ ಹೂಡಬಾರದಿತ್ತೇ?"

ಅವಳು ಅಂಗಳವನ್ನು ಗುಡಿಸಿ ಚಾಪೆ ಹಾಸಿದಳು. ಬಹಳ ಹೊತ್ತಾದರೂ ಯಾರೂ ಬರಲಿಲ್ಲ. ಮತ್ತೆ ದೇವಾಲಯಕ್ಕೆ ಹೋಗಿ, "ಅಣ್ಣಾ, ಸಭೆ ಎಲ್ಲಿಗೆ ಬಂತು?" ಎಂದು ಕೇಳಿದಳು.

"ರೋಗಿಗಳ ಹತ್ತಿರ ಬಂದಿತ್ತು," ಎಂದನು ಗಂಟೆಯವನು ಆಕಳಿಸುತ್ತ. "ಈಗ ತಾನೇ ರೋಗಿಗಳನ್ನು ಮುಂದಕ್ಕೆ ಹಾಕಿದರು."

ಅವಳು ಅವನಿಗೆ ಕೈಮುಗಿದು, ಹೋದದ್ದಕ್ಕಿಂತ ವೇಗವಾಗಿ ಹಿಂದಿರುಗಿದಳು. ಸುದ್ದಿ ಕೇಳಿ ನೇಕಾರನ ಕಣ್ಣು ತುಂಬಿತು.

"ನನ್ನಂಥವನನ್ನು ಮುಂದಕ್ಕೆ ಹಾಕಿದರೇ? ವ್ಯಾಪಾರಿಗಿಂತಲೂ ಮುಂದಕ್ಕೆ?"

"ಎಲ್ಲರಿಗಿಂತಲೂ."

ಅಷ್ಟು ಗೌರವ ಕೊಟ್ಟವರು ಹಸಿದು ಬರುತ್ತಾರೆಂದು ಅವಳು ಒಳಗಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಗಂಜಿಗೆ ಇಟ್ಟಳು. ಅವರ ಕಾಲು ತೊಳೆಯಲು ಬಿಸಿನೀರು ಬೇಕು. ಒಳಗೆ ಬೇರೆ ಒಲೆಯಿಲ್ಲ. ಆದ್ದರಿಂದ ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಂಡೆಯನ್ನು ಏರಿಸಿದಳು.

ಮನೆಯ ಹೊರಗೆ ಒಲೆ ಹೂಡಿ ನೀರು ಕಾಯಿಸಿದರೆ, ಒಳಗಿನ ಹೆಣವನ್ನು ಮೀಯಿಸುವುದಕ್ಕೆ ಎಂದೇ ಆ ಊರಿನವರು ತಿಳಿಯುವುದು. ಹೊಗೆಯನ್ನು ಕಂಡು ನೆರೆಯವರು ಬಂದರು. ಅವರಾರೂ ಸಭೆಗೆ ಸೇರಿದವರಲ್ಲ. ಕುಂಬಾರನು ತಲೆಯ ಮುಂಡಾಸನ್ನು ತೆಗೆದು ಬಾಗಿಲಲ್ಲಿ ನಿಂತನು. ಮೀನು ಮಾರುವವಳು ಬುಟ್ಟಿಯನ್ನು ಕೆಳಗಿಟ್ಟು ಎದೆ ಬಡಿದುಕೊಂಡಳು.

"ಅಯ್ಯೋ ನನ್ನಣ್ಣಾ! ಎಂಥ ಮನುಷ್ಯನಾಗಿದ್ದೆ! ಮೊನ್ನೆ ಕೂಡ ಬಂಗುಡೆಗೆ ಚೌಕಾಸಿ ಮಾಡಿ ನನ್ನ ಪ್ರಾಣ ತಿಂದೆಯಲ್ಲಾ!"

ನೇಕಾರನು ಗಾಬರಿಯಿಂದ ಎದ್ದು ಕುಳಿತನು. "ಯಾರಮ್ಮಾ ಹೋದದ್ದು?"

"ಇನ್ನಾರು, ನೀನೇ!" ಎಂದಳು ಅವಳು. ಆಮೇಲೆ ಕಿರಿಚಿಕೊಂಡಳು.

ಕುಂಬಾರನಿಗೆ ನಗು ತಡೆಯಲಾಗಲಿಲ್ಲ. ನೇಕಾರನೂ ನಕ್ಕನು, ನಕ್ಕು ಕೆಮ್ಮಿದನು. ಅಳುವುದಕ್ಕೆ ಬಂದವರು ಬರಿಗೈಯಲ್ಲಿ ಹೇಗೆ ಹೋಗುವುದೆಂದು ಅಂಗಳದ ಚಾಪೆಯನ್ನು ಒಳಗೆ ಹಾಸಿಕೊಂಡು ಕುಳಿತರು. ಗಂಜಿ ಬಂದಿತು, ಕುಡಿದರು. ಕುಂಬಾರನು ರೋಗಿಯ ಕಾಲು ಒತ್ತಿದನು. ನೇಕಾರನು ಮೆಲ್ಲನೆ ಒಂದು ಹಾಡು ಕೇಳಿದನು. ಅವರಿಗೆ ಸಭೆಯ ಹಾಡು ಯಾವುದೂ ತಿಳಿಯದು. ಮೀನು ಮಾರುವವಳು ಬಲೆ ಎಳೆಯುವ ಹಾಡನ್ನು ಎತ್ತಿದಳು, ಉಳಿದವರು "ಐಲೇಸಾ" ಎಂದರು. ನೇಕಾರನು ಕಣ್ಣು ಮುಚ್ಚಿ, ಪ್ರತಿ ಐಲೇಸಾಕ್ಕೂ ಭಕ್ತಿಯಿಂದ "ಆಮೆನ್" ಎಂದನು. ಹಾಡುತ್ತಿದ್ದಂತೆಯೇ ಅವನಿಗೆ ಬೆವರು ಬಿಟ್ಟಿತು. ಬೆಳಗಾಗುವಷ್ಟರಲ್ಲಿ ಜ್ವರವೂ ಬಿಟ್ಟಿತು.

ಮರುದಿನ ಹಿರಿಯರೆಲ್ಲರೂ ಒಗೆದ ಬಟ್ಟೆಯನ್ನುಟ್ಟು ನೇಕಾರನ ಮನೆಗೆ ಬಂದರು. ರೋಗಿಗಳನ್ನು ಕಾಣುವುದೇ ಮೊದಲು ಎಂದು ಕಡೆಗೂ ತೀರ್ಮಾನವಾಗಿತ್ತು. ಒಳಗಿನಿಂದ ಮಗ್ಗದ ಸದ್ದು ಕೇಳಿಸುತ್ತಿತ್ತು. ಸದ್ದಿನ ನಡುವೆ ಗೊಣಗಾಟವೂ ಕೇಳಿಸುತ್ತಿತ್ತು.

"ಸಭೆ ಬಂದಿದೆಯಮ್ಮಾ," ಎಂದನು ವ್ಯಾಪಾರಿ.

ನೇಕಾರನ ಹೆಂಡತಿಗೆ ಸುಳ್ಳಾಡಿ ಅಭ್ಯಾಸವಿರಲಿಲ್ಲ. "ನಿನ್ನೆಯೇ ಬಂದಿತ್ತಲ್ಲ, ಅಯ್ಯಾ," ಎಂದಳು. "ಗಂಜಿ ಕುಡಿದು, ಹಾಡಿ, ಬೆಳಗಿನವರೆಗೂ ಇದ್ದು ಹೋಯಿತು."

ತನಗೆ ತಿಳಿಸದೆ ಇವನೊಬ್ಬನೇ ಬಂದು ಹೋಗಿದ್ದಾನೆಂದು ವ್ಯಾಪಾರಿಯು ಉಪಾಧ್ಯಾಯನನ್ನು ದುರುಗುಟ್ಟಿ ನೋಡಿದನು. ಉಪಾಧ್ಯಾಯನು ವ್ಯಾಪಾರಿಯನ್ನು ಹಾಗೆಯೇ ನೋಡಿದನು.

ಬೋಧಕರು ಇಲ್ಲಿಗೆ ನಿಲ್ಲಿಸಿದರು. ನೆಹೆಮೀಯನು ನಗುತ್ತ ಲೇಖನಿಯನ್ನು ಕೈಗೆತ್ತಿಕೊಂಡನು.

"ಹಾಗಾದರೆ ರೋಗಿಗಳೇ ಮೊದಲು ಎಂದು ಬರೆದುಕೊಳ್ಳಲೇ, ಗುರುಗಳೇ?"

"ಬರೆದುಕೋ, ಮಗೂ, ಆದರೆ ನಾಳೆಯ ಮಹಾಸಭೆ ಮುಗಿಯುವ ತನಕ ಕಾಯುವಷ್ಟು ತಾಳ್ಮೆ ಎಲ್ಲ ಜ್ವರಗಳಿಗೂ ಇರುವುದಿಲ್ಲ."