ಗಂಜಿಯ ಸೌಟು

ಮುಂದೆ ಏಳು ಊರಿನ ಬಾವಿಗಳಿಗೆ ಬೀಗ ಜಡಿಸಿ, ಒಂದು ಕೊಡ ನೀರಿಗೂ ಜನರನ್ನು ಮಂಡಿಯೂರಿಸಿದ ದೊರೆ ಜಯಕೇತು ಇದ್ದನಲ್ಲ, ಆ ಪಾಪಿ ಹುಟ್ಟುತ್ತಲೇ ಪಾಪಿಯಾಗಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಚಿದ್ಘನ ಗುರುಗಳ ಆಶ್ರಮದಲ್ಲಿ ಗಂಜಿ ಬಡಿಸುತ್ತಿದ್ದ.

ಆ ವರ್ಷ ಹೊಳೆ ಉಕ್ಕಿ ಮನೆ ಕಳೆದುಕೊಂಡವರೆಲ್ಲ ಆಶ್ರಮದ ಅಂಗಳಕ್ಕೆ ಬಂದಿದ್ದರು. ಸೌಟು ದಿನಕ್ಕೊಬ್ಬ ಶಿಷ್ಯನ ಕೈಗೆ ಹೋಗಬೇಕು, ಬಡಿಸಿದವನು ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಅದು ಅಲ್ಲಿನ ಪದ್ಧತಿ.

ಜಯಕೇತು ಬಡಿಸಿದ ದಿನ ನೂಕುನುಗ್ಗಲೇ ಇರಲಿಲ್ಲ.

"ಭೇಷ್! ನಾಳೆಯೂ ನೀನೇ ಬಡಿಸು" ಎಂದರು ಗುರುಗಳು. ಹಾಗೆ ಅನ್ನುತ್ತ ಅನ್ನುತ್ತ ಒಂಬತ್ತು ದಿನ ಕಳೆಯಿತು.

ಹತ್ತನೇ ದಿನ ಸಿದ್ದಜ್ಜಿ ಎಂಬ ಮುದುಕಿ ಖಾಲಿ ಬಟ್ಟಲು ಹಿಡಿದು ಗುರುಗಳ ಮುಂದೆ ಬಂದು ನಿಂತಳು. ಅವಳ ಹೆಗಲ ಮೇಲೆ ಮೊಮ್ಮಗಳು ಅಳುವುದಕ್ಕೂ ತ್ರಾಣವಿಲ್ಲದೆ ಒರಗಿದ್ದಳು.

"ಯಾಕಮ್ಮಾ, ಗಂಜಿ ಮುಗಿಯಿತೇ?"

"ಹಂಡೆ ತುಂಬ ಇದೆ ಸ್ವಾಮಿ. ಮೊದಲು ಕೈ ಮುಗೀರಿ ಅಂದ, ಮುಗಿದ್ವಿ. ಆಮೇಲೆ ಕಾಲಿಗೆ ಬೀಳಿ ಅಂದ. ಹಸಿವು ನೋಡಿ, ಬಿದ್ವಿ. ಇವತ್ತು ಮಗೂನೂ ಬೀಳಬೇಕಂತೆ. ಜ್ವರದ ಮಗು ಸ್ವಾಮಿ, ನಿಲ್ಲೋಕೇ ಆಗಲ್ಲ ಅದಕ್ಕೆ!"

ಗುರುಗಳ ಮೈ ಉರಿದುಹೋಯಿತು. ಜಯಕೇತುವಿನ ಮೇಲೆ ಎಷ್ಟು ಸಿಟ್ಟು ಬಂತೋ ತಮ್ಮ ಮೇಲೂ ಅಷ್ಟೇ ಬಂತು. ನೆಟ್ಟಗಿನ ಸಾಲನ್ನು ದೂರದಿಂದ ನೋಡಿ ಹಿಗ್ಗಿದ್ದರೇ ಹೊರತು, ಹಂಡೆಯ ಹತ್ತಿರ ಏನು ನಡೆಯುತ್ತಿದೆ ಎಂದು ಒಂದು ದಿನವೂ ಹೋಗಿ ನೋಡಿರಲಿಲ್ಲ.

ಅಜ್ಜಿಯ ಬಟ್ಟಲು ತೆಗೆದುಕೊಂಡು ಹಂಡೆಯ ಮುಂದೆ ಹೋಗಿ ಚಾಚಿದರು.

ಜಯಕೇತು ಗಾಬರಿಬಿದ್ದು ಬಟ್ಟಲು ತುಂಬಿಸಿದ.

"ಯಾಕೆ ಬಡಿಸಿದೆ? ನಾನು ನಿನ್ನ ಕಾಲಿಗೆ ಬೀಳಲಿಲ್ಲವಲ್ಲ."

"ನೀವು ಗುರುಗಳು. ನಿಮಗೆಂಥ ನಿಯಮ?"

"ಥೂ! ಜ್ವರದ ಮಗುವಿಗೆ ನಿಯಮ, ಎರಡು ಹೊತ್ತು ಉಂಡು ಕೂತ ನನಗಿಲ್ಲ!"

ಬಟ್ಟಲನ್ನು ಅಜ್ಜಿಯ ಕೈಗಿಟ್ಟರು. ಅವಳು ಅಲ್ಲೇ ಕುಕ್ಕರಿಸಿ ಮಗುವಿಗೆ ಗುಟುಕು ಗುಟುಕಾಗಿ ಕುಡಿಸತೊಡಗಿದಳು.

"ನಾನು ಯಾರ ಮೇಲೂ ಕೈ ಮಾಡಿಲ್ಲ." ಜಯಕೇತು ಸೌಟನ್ನು ಎದೆಗೆ ಒತ್ತಿಕೊಂಡ. "ಶಿಸ್ತು ಕಲಿಸಿದೆ. ಭೇಷ್ ಅಂದವರು ನೀವೇ."

"ಅಂದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಸೌಟು ಕೊಡು."

"ನಾನಿಲ್ಲದಿದ್ದರೆ ಇವರು ಒಬ್ಬರನ್ನೊಬ್ಬರು ತುಳಿದು ಸಾಯುತ್ತಾರೆ!"

"ಕೊಡಪ್ಪಾ."

ಅವನು ಕೊಡಲಿಲ್ಲ. ಗುರುಗಳೇ ಒಂದೊಂದು ಬೆರಳನ್ನೂ ಬಿಡಿಸಿ ಸೌಟನ್ನು ತೆಗೆದುಕೊಳ್ಳಬೇಕಾಯಿತು. ಜಯಕೇತು ಕಣ್ಣೊರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೊಳೆಯ ಕಡೆ ಹೊರಟುಬಿಟ್ಟ.

ಪಕ್ಕದಲ್ಲಿದ್ದ ಶಿಷ್ಯ ಮಲ್ಲಿನಾಥನಿಗೆ ಕರುಳು ಚುರುಕ್ ಎಂದಿತು.

"ಗುರುಗಳೇ, ಅವನು ಬೆಳಗಿನಿಂದ ಏನೂ ಉಂಡಿಲ್ಲ. ಕರೆಯಲೇ?"

"ಓಡು, ಕರೆದುಕೊಂಡು ಬಾ. ಹೊಟ್ಟೆ ತುಂಬ ಬಡಿಸು. ಸೌಟು ಮಾತ್ರ ಅವನ ಕೈಗೆ ಯಾರೂ, ಯಾವತ್ತೂ ಕೊಡಬೇಡಿ."